ಸಂಚು, ಶಂಕೆ, ಸಾಕ್ಷ್ಯ: ಶ್ರೀರಂಗಪಟ್ಟಣದ ಪತನವನ್ನು ಮರಳಿ ಓದುತ್ತ

ರಾಜ್ಯವೊಂದರ ಪತನವನ್ನು ವಿವರಿಸಲು ಇತಿಹಾಸಕಾರನಿಗೆ ಹಲವು ಅಧ್ಯಾಯಗಳು ಬೇಕಾಗುತ್ತವೆ. ಸೈನ್ಯದ ಬಲಾಬಲ, ಬೊಕ್ಕಸದ ಸ್ಥಿತಿ, ನೆರೆಯ ಅರಸರ ನಿಲುವು, ಮಳೆ, ನದಿ, ಮದ್ದುಗುಂಡು, ದವಸಧಾನ್ಯ ಎಲ್ಲವನ್ನೂ ಅವನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜನಸ್ಮೃತಿಗೆ ಅಷ್ಟೆಲ್ಲ ಬೇಡ. ಒಳಗಿನಿಂದ ಬಾಗಿಲು ತೆರೆದವನ ಹೆಸರೊಂದು ಸಿಕ್ಕರೆ ಅದಕ್ಕೆ ಸಾಕು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಜನಸ್ಮೃತಿ ಆರಿಸಿಕೊಂಡ ಹೆಸರು ಮೀರ್ ಸಾದಿಕನದು. ಟಿಪ್ಪು ಸುಲ್ತಾನನ ಕಂದಾಯಾಡಳಿತದ ಮುಖ್ಯಸ್ಥನಾಗಿದ್ದ ಈತ ಇಂಗ್ಲಿಷರೊಡನೆ ಶಾಮೀಲಾಗಿ, ಕೋಟೆಯ ಬಿರುಕಿನ ಬಳಿ ಇದ್ದ ಕಾವಲಿನವರನ್ನು ಸಂಬಳದ ನೆಪದಲ್ಲಿ ಹಿಂದಕ್ಕೆ ಕರೆಸಿದನೆಂಬ ಕಥನವನ್ನು ಕೇಳದ ಕನ್ನಡಿಗರು ವಿರಳ.

ಈ ಕಥನ ನಿಜವೇ ಎಂದು ವಿದ್ಯಾರ್ಥಿಗಳು ಕೇಳಿದಾಗ 'ಹೌದು' ಎಂದಾಗಲಿ 'ಇಲ್ಲ' ಎಂದಾಗಲಿ ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಆದರೆ ಸಾರ್ವಜನಿಕ ವಾಗ್ವಾದಗಳಲ್ಲಿ ಇಂತಹ ಉತ್ತರಗಳೇ ಮೆರೆಯುತ್ತಿವೆ. ಟಿಪ್ಪುವನ್ನು ಮೆಚ್ಚುವವರು ಮೀರ್ ಸಾದಿಕನ ದ್ರೋಹವನ್ನು ಸಿದ್ಧಸಂಗತಿಯೆಂದು ಹೇಳುತ್ತಾರೆ. ಅದೇ ಉಸಿರಿನಲ್ಲಿ, ಟಿಪ್ಪು ಫ್ರೆಂಚರೊಡನೆ ಸೇರಿ ಸಂಚು ನಡೆಸಿದನೆಂಬ ಇಂಗ್ಲಿಷರ ಆರೋಪವನ್ನು ಕಟ್ಟುಕಥೆಯೆಂದು ತಳ್ಳಿಹಾಕುತ್ತಾರೆ. ಟಿಪ್ಪುವನ್ನು ಒಪ್ಪದವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಎರಡೂ ಕಡೆಯವರ ಕೈಯಲ್ಲಿ ಎರಡೆರಡು ತಕ್ಕಡಿಗಳಿವೆ. ಶ್ರೀರಂಗಪಟ್ಟಣದ ಇತಿಹಾಸದಲ್ಲಿ ಪ್ರಸಿದ್ಧವಾದ ಮೂರು 'ಒಳಸಂಚು'ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಏನು ತಿಳಿಯುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊಗೆಯೋ ಮಂಜೋ

'ಬೆಂಕಿಯಿಲ್ಲದೆ ಹೊಗೆಯಾಡದು' ಎಂಬ ಗಾದೆ ಸಂಚಿನ ಆರೋಪ ಮಾಡುವವರ ನಾಲಿಗೆಯ ತುದಿಯಲ್ಲಿರುತ್ತದೆ. ನಮ್ಮ ತರ್ಕಶಾಸ್ತ್ರಕಾರರಿಗೂ ಇದು ಪ್ರಿಯವಾದ ಉದಾಹರಣೆಯೇ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಅನುಮಾನಿಸುವುದು ನ್ಯಾಯ, ಬೌದ್ಧ, ಜೈನ ತರ್ಕಗಳಿಗೆಲ್ಲ ಸಮಾನವಾದ ದೃಷ್ಟಾಂತ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಮಾಣಿಕ್ಯನಂದಿಯ 'ಪರೀಕ್ಷಾಮುಖ' ಒಂದು ಪರಿಚ್ಛೇದವನ್ನೇ 'ಆಭಾಸ'ಗಳಿಗೆ, ಎಂದರೆ ಪ್ರಮಾಣದಂತೆ ಕಂಡೂ ಪ್ರಮಾಣವಾಗದ ಸಂಗತಿಗಳಿಗೆ, ಮೀಸಲಿಡುತ್ತದೆ. ದೂರದಿಂದ ಕಂಡದ್ದು ಹೊಗೆಯೋ ಆವಿಯೋ ಎಂಬುದೇ ನಿಶ್ಚಯವಾಗದಿದ್ದಾಗ ಅದರಿಂದ ಬೆಂಕಿಯನ್ನು ಸಾಧಿಸಲಾಗದು ಎಂಬ ವಿವೇಚನೆ ಅಲ್ಲಿದೆ. ಗಾದೆ ಹೇಳುವುದು ಹೊಗೆಯ ವಿಷಯ. ಶಾಸ್ತ್ರ ಮೊದಲು ಕೇಳುವುದು, ಕಂಡದ್ದು ಹೊಗೆಯೇ ಹೌದೇ ಎಂದು.

ಶಾಸನಾಧ್ಯಯನದಲ್ಲಿ ತೊಡಗಿದವರಿಗೆ ಈ ಪ್ರಶ್ನೆ ನಿತ್ಯಪರಿಚಿತ. ಪಶ್ಚಿಮ ಗಂಗರ ಹಲವಾರು ತಾಮ್ರಶಾಸನಗಳನ್ನು ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ಸಾರಿದರು, ಬಿ. ಎಲ್. ರೈಸ್ ಅವುಗಳ ಸಾಚಾತನವನ್ನು ಸಮರ್ಥಿಸಿದರು. ಲಿಪಿ ಉಲ್ಲೇಖಿತ ಕಾಲಕ್ಕೆ ಹೊಂದುತ್ತದೆಯೇ, ತಿಥಿ ವಾರ ನಕ್ಷತ್ರಗಳು ಕೂಡಿಬರುತ್ತವೆಯೇ, ವಂಶಾವಳಿ ಇತರ ಶಾಸನಗಳೊಡನೆ ಹೊಂದುತ್ತದೆಯೇ ಎಂಬ ಪರೀಕ್ಷೆಗಳ ಮೇಲೆ ಆ ಚರ್ಚೆ ನಡೆಯಿತು. ಭೂಮಿಯ ಒಡೆತನವನ್ನು ಸ್ಥಾಪಿಸಿಕೊಳ್ಳಲು ಕೂಟಶಾಸನ ಸೃಷ್ಟಿಸುವವರಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಒಂದು ಶಾಸನದಿಂದ ಯಾರಿಗೋ ಲಾಭವಾಯಿತು ಎಂದ ಮಾತ್ರಕ್ಕೆ ಅದು ಕೂಟವೆಂದು ಯಾರೂ ತೀರ್ಮಾನಿಸಲಿಲ್ಲ. ದಾನಶಾಸನವೆಂದರೆ ಲಾಭ ಪಡೆದವನೊಬ್ಬ ಇದ್ದೇ ಇರುತ್ತಾನೆ. ಲಾಭ ಯಾರಿಗೆ ಎಂಬ ಪ್ರಶ್ನೆ ತನಿಖೆಯ ದಿಕ್ಕನ್ನು ತೋರಿಸಬಲ್ಲದು. ತೀರ್ಪಿನ ಸ್ಥಾನದಲ್ಲಿ ಅದನ್ನು ಕೂರಿಸಲಾಗದು.

ಇನ್ನೊಂದು ಸೂಕ್ಷ್ಮವನ್ನೂ ಶಾಸನತಜ್ಞರು ಕಲಿಸಿದ್ದಾರೆ. ಐದನೆಯ ಶತಮಾನದ್ದೆಂದು ಹೇಳಿಕೊಳ್ಳುವ ಶಾಸನವೊಂದು ಹತ್ತನೆಯ ಶತಮಾನದಲ್ಲಿ ಸೃಷ್ಟಿಯಾದದ್ದೆಂದು ತಿಳಿದರೆ ಅದನ್ನು ಎಸೆಯುವುದಿಲ್ಲ. ಐದನೆಯ ಶತಮಾನದ ಬಗ್ಗೆ ಅದು ಸಾಕ್ಷಿಯಲ್ಲದಿದ್ದರೂ ಹತ್ತನೆಯ ಶತಮಾನದವರು ತಮ್ಮ ಹಿಂದಿನದನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದಕ್ಕೆ ಅದು ಅಪ್ಪಟ ಸಾಕ್ಷಿ. ಯಾವ ಆಕರವನ್ನಾಗಲಿ 'ಇದು ಯಾವುದಕ್ಕೆ ಸಾಕ್ಷಿ?' ಎಂದು ಕೇಳಿಯೇ ಮುಂದುವರಿಯಬೇಕು. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ಶ್ರೀರಂಗಪಟ್ಟಣಕ್ಕೆ ಬರೋಣ.

ಮೊದಲನೆಯದು: ರಾಣಿಯ ಒಪ್ಪಂದ

ಮೈಸೂರಿನ ಒಡೆಯರ ಸಿಂಹಾಸನ ಹೆಸರಿಗೆ ಮಾತ್ರ ಉಳಿದು ಅಧಿಕಾರವೆಲ್ಲ ಹೈದರ್ ಅಲಿಯ ವಶವಾಗಿದ್ದ ಕಾಲದಲ್ಲಿ, ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ಲಕ್ಷ್ಮಮ್ಮಣ್ಣಿಯವರು ರಾಜವಂಶದ ಪುನಃಸ್ಥಾಪನೆಗಾಗಿ ಇಂಗ್ಲಿಷರೊಡನೆ ಗುಪ್ತಸಂಪರ್ಕ ಇಟ್ಟುಕೊಂಡಿದ್ದರು. ತಿರುಮಲರಾಯ, ನಾರಾಯಣರಾಯ ಎಂಬ ಸೋದರರು ಅವರ ಪ್ರತಿನಿಧಿಗಳಾಗಿದ್ದರು. 1782ರ ಅಕ್ಟೋಬರಿನಲ್ಲಿ, ಎರಡನೆಯ ಮೈಸೂರು ಯುದ್ಧ ನಡೆಯುತ್ತಿದ್ದಾಗಲೇ, ತಿರುಮಲರಾಯನಿಗೂ ಕಂಪನಿಯ ಅಧಿಕಾರಿ ಸಲಿವನ್‌ಗೂ ನಡುವೆ ಲಿಖಿತ ಒಪ್ಪಂದವೇ ಆಯಿತು. ರಾಜ್ಯವನ್ನು ಗೆದ್ದು ಒಡೆಯರಿಗೆ ಒಪ್ಪಿಸಿದರೆ ಕಂಪನಿಗೆ ಹಂತಹಂತವಾಗಿ ಹಣ ಸಲ್ಲಿಸುವ ಕರಾರು ಅದರಲ್ಲಿದೆ. ಮರುವರ್ಷ ರಾಜಧಾನಿಯೊಳಗೆ ನಡೆದ ಸಂಚು ಬಯಲಾಗಿ ಅದರಲ್ಲಿ ಭಾಗಿಗಳಾದವರು ಘೋರಶಿಕ್ಷೆಗೆ ಗುರಿಯಾದರು.

ಈ ಸಂಚಿನ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ. ಒಪ್ಪಂದದ ಪಠ್ಯವಿದೆ, ಎರಡೂ ಪಕ್ಷಗಳ ಹೆಸರುಗಳಿವೆ, ಕೊಡುಕೊಳ್ಳುವ ವಿವರಗಳಿವೆ. ಐಚಿಸನ್ ಸಂಕಲಿಸಿದ ಒಪ್ಪಂದಗಳ ಸಂಪುಟದಲ್ಲಿ ಅದು ಮುದ್ರಿತವಾಗಿದೆ. ಕುತೂಹಲದ ಸಂಗತಿಯೆಂದರೆ, ಸಾಕ್ಷ್ಯ ಇಷ್ಟು ಗಟ್ಟಿಯಾಗಿರುವ ಈ ಸಂಚನ್ನು ಜನಸ್ಮೃತಿ ಸಂಚೆಂದು ಕರೆಯುವುದಿಲ್ಲ. ಮೈಸೂರು ಅರಮನೆಯ ಇತಿಹಾಸಗಳಲ್ಲಿ ಇದು ಒಬ್ಬ ಧೀರ ಮಹಿಳೆಯ ಅಚಲ ನಿಷ್ಠೆಯ ಕಥೆ. ಸಿಂಹಾಸನ ನ್ಯಾಯವಾಗಿ ಯಾರಿಗೆ ಸೇರಿದ್ದು ಎಂಬುದರ ಮೇಲೆ ಅದೇ ಕ್ರಿಯೆ ಒಬ್ಬರಿಗೆ ನಿಷ್ಠೆಯಾಗಿಯೂ ಇನ್ನೊಬ್ಬರಿಗೆ ದ್ರೋಹವಾಗಿಯೂ ಕಾಣುತ್ತದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. 'ಇಂಥವರು ಇಂಥವರೊಡನೆ ಗುಪ್ತವಾಗಿ ಒಪ್ಪಂದ ಮಾಡಿಕೊಂಡರು' ಎಂಬುದು ಸಂಗತಿ. ಅದನ್ನು ಆಕರಗಳಿಂದ ಸಾಧಿಸಬಹುದು, ಅಲ್ಲಗಳೆಯಬಹುದು. 'ಅದು ದ್ರೋಹ' ಎಂಬುದು ಮೌಲ್ಯನಿರ್ಣಯ. ಯಾವ ಪತ್ರವೂ ಅದನ್ನು ಸಾಧಿಸಲಾರದು. ವಾಗ್ವಾದಗಳಲ್ಲಿ ಬಹುಪಾಲು ಗೊಂದಲ ಹುಟ್ಟುವುದು ಎರಡನೆಯದರ ಆವೇಶವನ್ನು ಮೊದಲನೆಯದರ ಪುರಾವೆಯಾಗಿ ಬಳಸುವುದರಿಂದ.

ಎರಡನೆಯದು: ಮಾರಿಷಸ್ಸಿನ ಘೋಷಣೆ

1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನೊಬ್ಬ ಹಾನಿಗೊಂಡ ಹಡಗಿನೊಡನೆ ಮಂಗಳೂರಿಗೆ ಬಂದಿಳಿದು, ಫ್ರೆಂಚರ ಪ್ರತಿನಿಧಿಯೆಂದು ಹೇಳಿಕೊಂಡು ಶ್ರೀರಂಗಪಟ್ಟಣವನ್ನು ಸೇರಿದ. ಮಾರಿಷಸ್ಸಿನಲ್ಲಿ ದೊಡ್ಡ ಸೈನ್ಯ ಸಿದ್ಧವಾಗಿದೆಯೆಂಬ ಅವನ ಮಾತು ಬರೀ ಬುರುಡೆಯಾಗಿತ್ತು. ಟಿಪ್ಪು ಆ ದ್ವೀಪಕ್ಕೆ ರಾಯಭಾರಿಗಳನ್ನು ಕಳುಹಿಸಿದ. ಗುಟ್ಟಾಗಿ ನಡೆಯಬೇಕಿದ್ದ ಈ ವ್ಯವಹಾರವನ್ನು ಅಲ್ಲಿನ ಗವರ್ನರ್ ಮಲಾರ್ಟಿಕ್ 1798ರ ಜನವರಿ 30ರಂದು ಬಹಿರಂಗ ಘೋಷಣೆಯ ಮೂಲಕ ಊರಿಗೆಲ್ಲ ಸಾರಿಬಿಟ್ಟ. ಇಂಗ್ಲಿಷರನ್ನು ಭಾರತದಿಂದ ಹೊರಗಟ್ಟಲು ಟಿಪ್ಪು ಫ್ರೆಂಚರ ಮೈತ್ರಿಯನ್ನು ಬಯಸಿದ್ದಾನೆ, ಅವನ ಸೇವೆಗೆ ಸ್ವಯಂಸೇವಕರು ಮುಂದೆ ಬರಲಿ ಎಂಬುದು ಅದರ ಸಾರ. ಮುಂದೆ ಬಂದವರು ನೂರರ ಆಸುಪಾಸು. ಏಪ್ರಿಲಿನಲ್ಲಿ ಅವರು ಮಂಗಳೂರಿಗೆ ಬಂದಿಳಿದರು.

1798ರ ಜೂನ್ 8ರಂದು ಈ ಘೋಷಣೆ ಕಲ್ಕತ್ತೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ಗವರ್ನರ್ ಜನರಲ್ ಮಾರ್ನಿಂಗ್ಟನ್ (ಮುಂದೆ ವೆಲ್ಲೆಸ್ಲಿ ಎಂದು ಪ್ರಸಿದ್ಧನಾದವನು) ಮೊದಲು ಅದರ ನೈಜತೆಯನ್ನೇ ಶಂಕಿಸಿದ. ಬಳಿಕ ಕೇಪ್ ವಸಾಹತಿನ ಗವರ್ನರನಿಂದ ಘೋಷಣೆಯ ಪ್ರತಿ ಬಂದಿತು. ಮಾರಿಷಸ್ಸಿನಲ್ಲಿ ಆ ಸಮಯದಲ್ಲಿದ್ದವರ ಹೇಳಿಕೆಗಳನ್ನೂ ಅವನು ಪಡೆದ. ಇಲ್ಲಿಯವರೆಗಿನ ಅವನ ನಡೆ ಯಾವ ಸಂಶೋಧಕನೂ ಮೆಚ್ಚುವಂಥದ್ದು. ಪತ್ರಿಕೆಯ ಸುದ್ದಿಯನ್ನು ಅಲ್ಲಿಗೇ ಬಿಡದೆ ಸ್ವತಂತ್ರ ಮೂಲದಿಂದ ಇನ್ನೊಂದು ಪ್ರತಿ ಪಡೆದ, ಪ್ರತ್ಯಕ್ಷದರ್ಶಿಗಳನ್ನು ವಿಚಾರಿಸಿದ. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ಏಕೈಕ ಪ್ರತಿಯನ್ನು ನೆಚ್ಚದೆ ಬೇರೆ ಪ್ರತಿಗಳೊಡನೆ ಹೋಲಿಸಿದ.

ಆದರೆ ಆಗಸ್ಟ್ 12ರ ತನ್ನ ಟಿಪ್ಪಣಿಯಲ್ಲಿ ಅವನು ತೆಗೆದ ತೀರ್ಮಾನ ಆಕರಕ್ಕಿಂತ ಬಹಳ ಮುಂದೆ ಹೋಯಿತು. ಘೋಷಣೆ ನಿಜವಾದದ್ದು; ಟಿಪ್ಪು ಫ್ರೆಂಚರ ನೆರವನ್ನು ಕೋರಿದ್ದೂ ನಿಜ. ಅದರಿಂದ ಕಂಪನಿಗೆ ಅಪಾಯ ತಲೆಯ ಮೇಲೆ ಬಂದು ನಿಂತಿದೆ, ಯುದ್ಧ ಈಗಾಗಲೇ ಆರಂಭವಾದಂತೆಯೇ ಸರಿ ಎಂಬುದು ಆ ಕಾಗದದೊಳಗೆ ಇರಲಿಲ್ಲ. ಮಲಾರ್ಟಿಕ್‌ನ ಬಳಿ ಕಳುಹಿಸಲು ಸೈನ್ಯವಿರಲಿಲ್ಲ. ಹಾಗಿರುವುದರಿಂದಲೇ ಅವನು ಸ್ವಯಂಸೇವಕರನ್ನು ಕರೆದ. ಬೊನಪಾರ್ಟೆ ಈಜಿಪ್ಟಿನಿಂದ 1799ರ ಜನವರಿಯಲ್ಲಿ ಟಿಪ್ಪುವಿಗೆ ಬರೆದ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಅದು ಶ್ರೀರಂಗಪಟ್ಟಣವನ್ನು ತಲುಪಲೇ ಇಲ್ಲ. ಸಂಪರ್ಕಕ್ಕೆ ಪುರಾವೆಯಿದೆ, ಆಶಯಕ್ಕೂ ಇದೆ. ಬರಲಿದ್ದ ಸೈನ್ಯಕ್ಕೆ ಇಲ್ಲ. ನೈಜವಾದ ಆಕರವನ್ನು ಕೈಯಲ್ಲಿ ಹಿಡಿದುಕೊಂಡೂ ಅತಿಯಾದ ತೀರ್ಮಾನಕ್ಕೆ ಬರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ದೊರೆತ ಫ್ರೆಂಚ್ ಪತ್ರವ್ಯವಹಾರವನ್ನು ಕಂಪನಿ ಸರ್ಕಾರ ಮುದ್ರಿಸಿ ಪ್ರಕಟಿಸಿತು. ಗೆದ್ದವರು ತಮ್ಮ ಯುದ್ಧವನ್ನು ಸಮರ್ಥಿಸಿಕೊಳ್ಳಲು ಪ್ರಕಟಿಸಿದ ಕಾಗದಗಳು ಇವು ಎಂಬುದನ್ನು ಮರೆಯಲಾಗದು. 1797ರಲ್ಲಿ ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಸೈನಿಕರು 'ಜಾಕೊಬಿನ್ ಕ್ಲಬ್' ಸ್ಥಾಪಿಸಿದರೆಂದು ಹೇಳುವ ನಡಾವಳಿಯೂ ಈ ಕಾಗದಗಳಲ್ಲಿ ಸೇರಿದೆ. ಈಚಿನ ಫ್ರೆಂಚ್ ಸಂಶೋಧನೆಯಲ್ಲಿ ಅದರ ನೈಜತೆಯನ್ನು ಗಂಭೀರವಾಗಿ ಪ್ರಶ್ನಿಸಲಾಗಿದೆ. 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ ಟಿಪ್ಪುವಿನ ಪತ್ರಗಳೂ 'ಆಯ್ದ' ಪತ್ರಗಳೇ. ಆಯ್ಕೆಯೂ ಒಂದು ಬಗೆಯ ವ್ಯಾಖ್ಯಾನ.

ಹಾಗೆಂದು ಇಡೀ ಸಂಗ್ರಹವನ್ನೇ ಕೃತ್ರಿಮವೆಂದು ತಳ್ಳಿಹಾಕುವುದು ಇನ್ನೊಂದು ತಪ್ಪು. ಓಲೆಗರಿಯ ಒಂದೇ ಕಟ್ಟಿನಲ್ಲಿ ನಾಲ್ಕಾರು ಕೃತಿಗಳಿರುತ್ತವೆ; ಒಂದರ ಕರ್ತೃತ್ವ ಸಂದೇಹಾಸ್ಪದವಾದರೆ ಉಳಿದವೂ ಸಂದೇಹಾಸ್ಪದವಾಗುವುದಿಲ್ಲ, ಒಂದು ಖಚಿತವಾದರೆ ಉಳಿದವೂ ಖಚಿತವಾಗುವುದಿಲ್ಲ. ಪ್ರತಿಯೊಂದನ್ನೂ ಅದರದರ ಆದಿ ಅಂತ್ಯ ನೋಡಿಯೇ ನಿರ್ಣಯಿಸಬೇಕು. ಮಲಾರ್ಟಿಕ್‌ನ ಘೋಷಣೆ ಮಾರಿಷಸ್ಸಿನಲ್ಲಿಯೇ ಬಹಿರಂಗವಾಗಿ ಪ್ರಕಟವಾದದ್ದು. ಅರಮನೆಯ ಕಾಗದಗಳಲ್ಲಿ ಒಂದು ಕೃತ್ರಿಮವೆಂದು ಸಿದ್ಧವಾದರೂ ಆ ಘೋಷಣೆಗೆ ಕುಂದಿಲ್ಲ.

ಮೂರನೆಯದು: ಮೀರ್ ಸಾದಿಕ

ಈಗ ಹೆಚ್ಚು ಪ್ರಸಿದ್ಧವೂ ಹೆಚ್ಚು ಜಟಿಲವೂ ಆದ ಮೂರನೆಯ ಆರೋಪಕ್ಕೆ ಬರೋಣ. ಇದರ ಮುಖ್ಯ ಆಧಾರ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ 'ನಿಶಾನ್-ಎ-ಹೈದರಿ' ಎಂಬ ಪಾರಸಿ ಗ್ರಂಥ. ಟಿಪ್ಪು ಮಡಿದ ಕೆಲವೇ ವರ್ಷಗಳಲ್ಲಿ ರಚಿತವಾದ ಇದನ್ನು ಕರ್ನಲ್ ಮೈಲ್ಸ್ ಎರಡು ಭಾಗಗಳಾಗಿ, 1842 ಮತ್ತು 1864ರಲ್ಲಿ, ಇಂಗ್ಲಿಷಿಗೆ ತಂದ. ಗಿರೀಶ ಕಾರ್ನಾಡರ 'ಟಿಪ್ಪುವಿನ ಕನಸುಗಳು' ನಾಟಕದಲ್ಲಿ ಪಾತ್ರವಾಗಿ ಬರುವ ಕಿರ್ಮಾನಿ ಈತನೇ. ಬಿರುಕಿನ ಬಳಿಯ ಸೈನಿಕರನ್ನು ಸಂಬಳ ಹಂಚುವ ನೆಪದಲ್ಲಿ ಬೇರೆಡೆಗೆ ಕರೆದದ್ದು, ನಿಷ್ಠಾವಂತ ಸಯ್ಯದ್ ಗಫಾರ್ ಫಿರಂಗಿಯ ಗುಂಡಿಗೆ ಬಲಿಯಾದೊಡನೆ ಬಿಳಿಯ ಬಟ್ಟೆ ಬೀಸಿ ಶತ್ರುವಿಗೆ ಸನ್ನೆ ಮಾಡಿದ್ದು, ಟಿಪ್ಪು ಹಿಂದಿರುಗದಂತೆ ಬಾಗಿಲು ಮುಚ್ಚಿಸಿದ್ದು, ಕೊನೆಗೆ ಮೀರ್ ಸಾದಿಕ ತನ್ನ ಕಡೆಯ ಸೈನಿಕನಿಂದಲೇ ಹತನಾದದ್ದು, ಇವೆಲ್ಲ ಕಿರ್ಮಾನಿಯ ನಿರೂಪಣೆಯಲ್ಲಿವೆ.

ಕಿರ್ಮಾನಿ ಹೈದರ್ ಮತ್ತು ಟಿಪ್ಪುವಿನ ಆಡಳಿತವನ್ನು ಒಳಗಿನಿಂದ ಬಲ್ಲವನು. ಕಾಲದೃಷ್ಟಿಯಿಂದ ಘಟನೆಗೆ ಬಹಳ ಹತ್ತಿರದವನು. ಇವು ಅವನ ಪರವಾದ ಅಂಶಗಳು. ಆದರೆ ಸಂಚಿನ ಒಳವಿವರ, ಎಂದರೆ ಯಾರು ಯಾರಿಗೆ ಏನು ಬರೆದರು, ಪ್ರತಿಯಾಗಿ ಏನು ವಾಗ್ದಾನ ಪಡೆದರು ಎಂಬುದು, ಅವನಿಗೆ ತಿಳಿದದ್ದು ಹೇಗೆ ಎಂಬುದು ಅವನ ನಿರೂಪಣೆಯಿಂದ ಗೊತ್ತಾಗುವುದಿಲ್ಲ. ಇದಲ್ಲದೆ ಉಪ್ಪಿಗೆ ಎರಡು ಬಗೆದ ಸೇವಕನಿಂದ ಒಡೆಯನ ಪತನವಾಗುವುದು ಪಾರಸಿ ಇತಿಹಾಸಗ್ರಂಥಗಳಿಗೆ ಚಿರಪರಿಚಿತವಾದ ಕಥನಕ್ರಮ. ನಮ್ಮಲ್ಲಿಯೂ 'ಉಂಡ ಮನೆಯ ಗಳ ಎಣಿಸಿದವನು' ಎಂಬ ಮಾತಿಗೆ ಅಷ್ಟೇ ಬಲವಿದೆ. ವೀರನೊಬ್ಬ ಸೋತದ್ದನ್ನು ಹೇಳಲೇಬೇಕಾದಾಗ ಅವನ ಶೌರ್ಯಕ್ಕೆ ಕುಂದು ಬಾರದಂತೆ ಹೇಳುವ ದಾರಿಯೆಂದರೆ ದ್ರೋಹಿಯ ಪಾತ್ರ. ಸಾಹಿತ್ಯದ ವಿದ್ಯಾರ್ಥಿಗೆ ಈ ಆಶಯವನ್ನು ಗುರುತಿಸುವುದು ಕಷ್ಟವಲ್ಲ. ಆದರೆ ಆಶಯ ಪರಿಚಿತವಾದದ್ದು ಎಂಬ ಕಾರಣಕ್ಕೇ ಘಟನೆ ಸುಳ್ಳೆಂದು ಹೇಳಬಾರದು. ನಿಜವಾದ ದ್ರೋಹವನ್ನೂ ಅದೇ ಮಾದರಿಯಲ್ಲಿಯೇ ಬರೆಯುತ್ತಾರೆ.

ಕಿರ್ಮಾನಿಯ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಆಕರ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಕಥನ. ಪತನವಾದ ಮರುವರ್ಷ, 1800ರಲ್ಲಿ, ಅವನು ಶ್ರೀರಂಗಪಟ್ಟಣಕ್ಕೆ ಬಂದು ಜನರನ್ನು ವಿಚಾರಿಸಿದ. ಅವನ ಗ್ರಂಥ 1807ರಲ್ಲಿ ಪ್ರಕಟವಾಯಿತು. ಮೀರ್ ಸಾದಿಕನ ಶವದ ಮೇಲೆ ಜನ ಉಗುಳಿದರು, ಚಪ್ಪಲಿಗಳಿಂದ ಅವಮಾನಿಸಿದರು ಎಂಬುದನ್ನು ಅವನು ದಾಖಲಿಸಿದ್ದಾನೆ. ಅದಕ್ಕೆ ಅವನು ಕೊಡುವ ಕಾರಣವಾದರೋ ಬೇರೆಯದು. ಟಿಪ್ಪುವಿನ ಆಳ್ವಿಕೆಯಲ್ಲಿ ತಾವು ಪಟ್ಟ ಪಾಡಿಗೆಲ್ಲ ಈತನೇ ಹೊಣೆಯೆಂದು ಜನ ಭಾವಿಸಿದ್ದರಂತೆ. ಕಂದಾಯ ವಸೂಲಿಯ ಮುಖ್ಯಸ್ಥನೊಬ್ಬ ಜನರ ದ್ವೇಷಕ್ಕೆ ಗುರಿಯಾಗುವುದು ಆಶ್ಚರ್ಯವಲ್ಲ. ಅವಮಾನಿತ ಶವ ಎಂಬ ಒಂದೇ ಸಂಗತಿಯನ್ನು ಎರಡು ಆಕರಗಳು ಹೇಳುತ್ತವೆ; ಕಾರಣಗಳು ಮಾತ್ರ ಭಿನ್ನ. ಒಂದರ ಪ್ರಕಾರ ಅವನು ಸುಲ್ತಾನನಿಗೆ ದ್ರೋಹ ಬಗೆದವನು. ಇನ್ನೊಂದರ ಪ್ರಕಾರ ಸುಲ್ತಾನನ ಪರವಾಗಿ ಜನರನ್ನು ಹಿಂಡಿದವನು. ಬುಕಾನನ್ ಕಂಪನಿಯ ನೌಕರ. ಟಿಪ್ಪುವಿನ ಆಳ್ವಿಕೆಯನ್ನು ಕಠೋರವೆಂದು ಚಿತ್ರಿಸುವುದರಲ್ಲಿ ಅವನಿಗೂ ಆಸಕ್ತಿಯಿತ್ತು. ಪಾಠಾಂತರಗಳಿದ್ದಾಗ ನಮಗೆ ಪ್ರಿಯವಾದ ಪಾಠವನ್ನು ಮಾತ್ರ ಮೇಲಿಟ್ಟು ಇನ್ನೊಂದನ್ನು ಅಡಿಟಿಪ್ಪಣಿಗೂ ಸೇರಿಸದಿರುವುದು ಸಂಪಾದಕನ ಧರ್ಮವಲ್ಲ.

ಇಂಗ್ಲಿಷರ ಕಡೆಯ ಆಕರಗಳನ್ನು ನೋಡೋಣ. 1799ರ ಫೆಬ್ರವರಿಯಲ್ಲಿ ಮಾರ್ನಿಂಗ್ಟನ್ ಜನರಲ್ ಹ್ಯಾರಿಸ್‌ಗೆ ನೀಡಿದ ಆದೇಶದಂತೆ ಸೈನ್ಯದೊಡನೆ ಒಂದು ರಾಜಕೀಯ ಆಯೋಗವೂ ಹೊರಟಿತು. ಆರ್ಥರ್ ವೆಲ್ಲೆಸ್ಲಿ, ಬ್ಯಾರಿ ಕ್ಲೋಸ್, ಆಗ್ನ್ಯೂ, ಮಾಲ್ಕಮ್ ಅದರ ಸದಸ್ಯರು. ಟಿಪ್ಪುವಿನ ಅಧೀನರಲ್ಲಿ ಅತೃಪ್ತರಾದವರನ್ನು ತಮ್ಮತ್ತ ಸೆಳೆಯುವುದು ಆಯೋಗದ ಕೆಲಸಗಳಲ್ಲೊಂದಾಗಿತ್ತು. ಎಂದಮೇಲೆ ಸಂಚಿಗೆ ಪ್ರಯತ್ನ ನಡೆದದ್ದು ಜನರ ಭ್ರಮೆಯಲ್ಲ. ಅದು ಲಿಖಿತ ನೀತಿ. 'ಸಂಚಿನ ಮಾತೆಲ್ಲ ಕಟ್ಟುಕಥೆ' ಎನ್ನುವವರು ಇದನ್ನು ಮರೆಯಬಾರದು. ಆದರೆ ಗಾಳ ಹಾಕಿದ್ದಕ್ಕೆ ಇರುವ ಪುರಾವೆ ಇಂಥ ಮೀನು ಸಿಕ್ಕಿತೆಂಬುದಕ್ಕೆ ಪುರಾವೆಯಾಗದು.

ಬೀಟ್ಸನ್ ಮೊದಲಾದ ಸೇನಾಧಿಕಾರಿಗಳು ಕೋಟೆಯ ಪತನವನ್ನು ಫಿರಂಗಿ ದಾಳಿ, ವಾಯವ್ಯದ ಗೋಡೆಯಲ್ಲಿ ಬಿದ್ದ ಬಿರುಕು, ಬೇಸಗೆಯಲ್ಲಿ ಇಳಿದಿದ್ದ ಕಾವೇರಿ, ದಾಳಿಗೆ ಆರಿಸಿಕೊಂಡ ಹೊತ್ತು ಇವುಗಳಿಂದ ವಿವರಿಸುತ್ತಾರೆ. ಬಿಸಿಲೇರಿದ ನಡುಹಗಲಿನಲ್ಲಿ, ಸುಮಾರು 1 ಗಂಟೆಗೆ, ಬೇರ್ಡ್‌ನ ನೇತೃತ್ವದಲ್ಲಿ ದಾಳಿ ನಡೆಯಿತು. ಊಟ ವಿಶ್ರಾಂತಿಗಳ ಆ ಹೊತ್ತಿನಲ್ಲಿ ಕಾವಲು ಸಡಿಲವಾಗಿರುತ್ತದೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಟಿಪ್ಪುವೂ ಆಗ ಊಟಕ್ಕೆ ಕುಳಿತಿದ್ದ. ಬಿರುಕಿನ ಬಳಿ ಕಾವಲು ತೆಳುವಾಗಿದ್ದುದಕ್ಕೆ ಇದೂ ಒಂದು ವಿವರಣೆಯಾಗಬಲ್ಲದು. ಬಿರುಕನ್ನು ದಾಟಿದ ಮೇಲೆ ಬಲಗಡೆಗೆ ಹೋದ ತುಕಡಿಗೆ ದಾರಿ ಸುಗಮವಾಯಿತು. ಎಡಗಡೆಗೆ, ಉತ್ತರದ ಗೋಡೆಯಗುಂಟ ಹೋದ ತುಕಡಿ ತೀವ್ರ ಪ್ರತಿರೋಧ ಎದುರಿಸಿತು. ಟಿಪ್ಪು ಸ್ವತಃ ಹೋರಾಡಿದ್ದು ಆ ಭಾಗದಲ್ಲಿ.

ಗೆದ್ದವರ ಮೌನವನ್ನೂ ಎಚ್ಚರದಿಂದಲೇ ಓದಬೇಕು. ತಮ್ಮ ಜಯ ಶೌರ್ಯದಿಂದ ಬಂದದ್ದೆಂದು ಹೇಳಲು ಸೇನಾಧಿಕಾರಿಗಳು ಬಯಸುವುದು ಸಹಜ. ಲಂಚದಿಂದ ಬಂದದ್ದಾದರೆ ಅವರೇಕೆ ಹೇಳಿಕೊಂಡಾರು? ಆದುದರಿಂದ ಅವರ ಮೌನ ಮೀರ್ ಸಾದಿಕನನ್ನು ನಿರ್ದೋಷಿಯಾಗಿಸುವುದಿಲ್ಲ. ಹಾಗೆಯೇ, 'ಪುರಾವೆಯನ್ನು ಮುಚ್ಚಿಟ್ಟಿದ್ದಾರೆ, ಅದಕ್ಕೇ ಸಿಗುತ್ತಿಲ್ಲ' ಎಂಬ ವಾದವೂ ಅವನನ್ನು ದೋಷಿಯಾಗಿಸುವುದಿಲ್ಲ. ಪುರಾವೆ ಇದ್ದರೂ ಸಂಚು ಸಿದ್ಧ, ಇಲ್ಲದಿದ್ದರೂ ಸಿದ್ಧ ಎನ್ನುವ ವಾದದಲ್ಲಿ ಪುರಾವೆಗೆ ಕೆಲಸವೇ ಉಳಿಯುವುದಿಲ್ಲ.

ಆರೋಪದ ಪರವಾಗಿರುವ ಅತ್ಯಂತ ಬಲವಾದ ಸಂಗತಿಯೆಂದರೆ ಮೀರ್ ಸಾದಿಕನನ್ನು ಅದೇ ದಿನ ಅವನ ಕಡೆಯವರೇ ಕೊಂದದ್ದು. ಶಂಕೆ ನಂತರದ ಕವಿಗಳ ಕಲ್ಪನೆಯಲ್ಲ, ಕೋಟೆಯೊಳಗೆ ಆಗಲೇ ಇತ್ತು ಎಂಬುದಕ್ಕೆ ಇದು ಆಧಾರವಾಗಬಲ್ಲದು. ಕೂಟಶಾಸನದ ಪಾಠವನ್ನು ಇಲ್ಲಿ ಅನ್ವಯಿಸಬಹುದು. ಈ ಕೊಲೆಯೂ ಕಿರ್ಮಾನಿಯ ನಿರೂಪಣೆಯೂ ಕೋಟೆಯೊಳಗಿನವರು ಏನನ್ನು ನಂಬಿದ್ದರು ಎಂಬುದಕ್ಕೆ ಉತ್ತಮ ಸಾಕ್ಷಿ. ಅವರು ನಂಬಿದ್ದು ನಡೆದಿತ್ತೇ ಎಂಬುದಕ್ಕೆ ಅವು ದುರ್ಬಲ ಸಾಕ್ಷಿ. ಸೋಲಿನ ಗಳಿಗೆಯಲ್ಲಿ ಸೈನಿಕರ ಸಿಟ್ಟು ದ್ವೇಷಿತ ಅಧಿಕಾರಿಯ ಮೇಲೆ ತಿರುಗುವುದಕ್ಕೆ ಸಂಚೇ ಬೇಕೆಂದಿಲ್ಲ.

ಬಂಗಾಳದ ಜಾಫರ್, ದಖ್ಖನಿನ ಸಾದಿಕ

1932ರಲ್ಲಿ ಪ್ರಕಟವಾದ 'ಜಾವಿದ್ ನಾಮಾ' ಕಾವ್ಯದಲ್ಲಿ ಕವಿ ಇಕ್ಬಾಲ್ ಬಂಗಾಳದ ಮೀರ್ ಜಾಫರನನ್ನೂ ಮೈಸೂರಿನ ಮೀರ್ ಸಾದಿಕನನ್ನೂ ಜೋಡಿಯಾಗಿಸಿ, ನರಕವೂ ಒಲ್ಲದ ದ್ರೋಹಿಗಳೆಂದು ಚಿತ್ರಿಸಿದ್ದಾನೆ. ಆ ಜೋಡಿ ಹೆಸರು ಉಪಖಂಡದ ತುಂಬ ಗಾದೆಯಂತೆ ಹರಡಿತು. ಕಾವ್ಯವಾಗಿ ಅದರ ಶಕ್ತಿ ಅಸಾಧಾರಣವಾದದ್ದು. ಆದರೆ ಸಾಕ್ಷ್ಯದ ದೃಷ್ಟಿಯಿಂದ ಇಬ್ಬರೂ ಸಮಾನರಲ್ಲ.

1757ರ ಪ್ಲಾಸಿ ಯುದ್ಧಕ್ಕೆ ಮೊದಲೇ ಮೀರ್ ಜಾಫರ್ ಮತ್ತು ಕಂಪನಿಯ ನಡುವೆ ಆದ ಒಪ್ಪಂದದ ಪಠ್ಯವಿದೆ. ಮಧ್ಯವರ್ತಿ ಓಮಿಚಂದನನ್ನು ವಂಚಿಸಲು ಇನ್ನೊಂದು ಹುಸಿ ಒಪ್ಪಂದವನ್ನೂ ಸಿದ್ಧಪಡಿಸಿ, ಅದಕ್ಕೆ ಅಡ್ಮಿರಲ್ ವಾಟ್ಸನ್‌ನ ಹೆಸರನ್ನು ಬೇರೊಬ್ಬರ ಕೈಯಿಂದ ಹಾಕಿಸಿದ ಸಂಗತಿಯನ್ನು ಕ್ಲೈವ್ ಮುಂದೆ ಪಾರ್ಲಿಮೆಂಟಿನ ಸಮಿತಿಯ ಎದುರು ತಾನೇ ಒಪ್ಪಿಕೊಂಡ. ಮೀರ್ ಜಾಫರ್ ನವಾಬನಾದ ಮೇಲೆ ಕ್ಲೈವ್ ಪಡೆದ 2,34,000 ಪೌಂಡುಗಳ ಲೆಕ್ಕವೂ ದಾಖಲೆಯಲ್ಲಿದೆ. ಒಪ್ಪಂದ, ಒಪ್ಪಿಗೆಯ ಹೇಳಿಕೆ, ಹಣ ಸಂದಾಯ ಮೂರೂ ಇವೆ. ಸಂಚನ್ನು ಸಾಧಿಸಲು ಇದಕ್ಕಿಂತ ಹೆಚ್ಚೇನು ಬೇಕು? ಮೀರ್ ಸಾದಿಕನ ಮೇಲಿನ ಆರೋಪ ಈ ಮೂರರಲ್ಲಿ ಯಾವುದರ ಮೇಲೂ ನಿಂತಿಲ್ಲ. ಪ್ಲಾಸಿಯಲ್ಲಿ ಸಿದ್ಧವಾದ ಅಪರಾಧದ ಬಲದ ಮೇಲೆ ಶ್ರೀರಂಗಪಟ್ಟಣದ ಆರೋಪ ನಡೆದುಬಂದಿದೆ. ಹೋಲಿಕೆ ಕವಿಗೆ ಅಲಂಕಾರ. ಇತಿಹಾಸಕಾರನಿಗೆ ಅದು ಹುಡುಕಾಟಕ್ಕೆ ಪ್ರೇರಣೆ ಮಾತ್ರ.

ಪೂರ್ಣಯ್ಯನವರ ಮೇಲೂ ಖಮರುದ್ದೀನ್ ಖಾನನ ಮೇಲೂ ಬರುವ ಇಂಥದೇ ಮಾತುಗಳನ್ನು ಹೀಗೆಯೇ ನೋಡಬೇಕು. ಪೂರ್ಣಯ್ಯನವರು 1799ರಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದರು, 1807ರಲ್ಲಿ ಯಳಂದೂರಿನ ಜಹಗೀರು ಪಡೆದರು. ಖಮರುದ್ದೀನ್ ಖಾನನಿಗೆ ಗುರ್ರಂಕೊಂಡದ ಜಹಗೀರು ದೊರೆಯಿತು. ಇವು ಪತನದ ನಂತರದ ಸಂಗತಿಗಳು. ಹೊಸ ಆಡಳಿತಕ್ಕೆ ಅನುಭವಸ್ಥರು ಬೇಕಿದ್ದರು, ಹಳೆಯ ಸರದಾರರನ್ನು ಸಮಾಧಾನದಿಂದ ಇರಿಸುವುದೂ ಅಗತ್ಯವಾಗಿತ್ತು. ನಂತರ ಸಿಕ್ಕ ಫಲವನ್ನು ಮೊದಲು ಮಾಡಿದ ಸಂಚಿನ ಕೂಲಿಯೆಂದು ಹೇಳಬೇಕಾದರೆ ಎರಡನ್ನೂ ಬೆಸೆಯುವ ಕೊಂಡಿಯನ್ನು ತೋರಿಸಬೇಕು.

ಒಂದೇ ತಕ್ಕಡಿ

ಮೂರು ಪ್ರಕರಣಗಳನ್ನು ಒಟ್ಟಿಗೆ ನೋಡಿದಾಗ ವಿಚಿತ್ರವಾದ ವಿಲೋಮ ಕಾಣುತ್ತದೆ. ಸಾಕ್ಷ್ಯ ಅತ್ಯಂತ ಗಟ್ಟಿಯಾಗಿರುವ ರಾಣಿಯ ಒಪ್ಪಂದದ ಸುತ್ತ ಗದ್ದಲವೇ ಇಲ್ಲ. ಭಾಗಶಃ ಸಿದ್ಧವಾದ ಫ್ರೆಂಚ್ ಸಂಪರ್ಕವನ್ನು ಒಬ್ಬರು ಪೂರ್ತಿ ಒಪ್ಪುತ್ತಾರೆ, ಇನ್ನೊಬ್ಬರು ಪೂರ್ತಿ ನಿರಾಕರಿಸುತ್ತಾರೆ. ಸಾಕ್ಷ್ಯ ಅತ್ಯಂತ ತೆಳುವಾಗಿರುವ ಮೂರನೆಯದರ ಬಗ್ಗೆ ಖಚಿತತೆ ಎಲ್ಲಕ್ಕಿಂತ ಹೆಚ್ಚು. ನಂಬಿಕೆಯ ತೀವ್ರತೆ ಪುರಾವೆಯ ಪ್ರಮಾಣವನ್ನು ಅನುಸರಿಸುತ್ತಿಲ್ಲ. ಕಥೆ ನಮಗೆ ಎಷ್ಟು ಬೇಕಾಗಿದೆ ಎಂಬುದನ್ನು ಅನುಸರಿಸುತ್ತಿದೆ.

ಇದು ಬರಿಯ ಪಂಡಿತರ ಜಿಜ್ಞಾಸೆಯಲ್ಲ. ಒಬ್ಬ ಮನುಷ್ಯನ ಹೆಸರು ಎರಡು ಶತಮಾನಗಳಿಂದ ಬೈಗುಳವಾಗಿ ಬಳಕೆಯಲ್ಲಿದೆ. 'ಇವನು ಮೀರ್ ಸಾದಿಕ' ಎಂಬ ಮಾತಿನಿಂದ ಇಂದಿನ ಜೀವಂತ ವ್ಯಕ್ತಿಗಳ ನಿಷ್ಠೆಯನ್ನೂ, ಕೆಲವೊಮ್ಮೆ ಇಡೀ ಸಮುದಾಯಗಳ ನಿಷ್ಠೆಯನ್ನೂ ಪ್ರಶ್ನಿಸಲಾಗುತ್ತದೆ. ಸಂಚಿನ ಆರೋಪದ ಗುಣವೇ ಹಾಗೆ. ಹೊರಿಸುವುದಕ್ಕೆ ಒಂದು ವಾಕ್ಯ ಸಾಕು, ಕಳೆದುಕೊಳ್ಳುವುದಕ್ಕೆ ಆಯುಷ್ಯ ಸಾಲದು. ಸತ್ತವನಿಗಂತೂ ಉತ್ತರಿಸುವ ಅವಕಾಶವೇ ಇಲ್ಲ. ಹೀಗಿರುವಾಗ ಆರೋಪಿಸುವವನ ಮೇಲೆ ಪುರಾವೆಯ ಹೊರೆ ಹೆಚ್ಚಿರಬೇಕೆಂಬುದು ಕಾನೂನಿನ ನಿಯಮ ಮಾತ್ರವಲ್ಲ, ಬರಹಗಾರನ ನೈತಿಕತೆಯೂ ಹೌದು.

ಸಂಚುಗಳು ಇತಿಹಾಸದಲ್ಲಿ ನಡೆದಿವೆ. 1757, 1782ರ ಒಪ್ಪಂದಗಳೇ ಅದಕ್ಕೆ ಸಾಕ್ಷಿ. ಆದುದರಿಂದ ಸಂಚಿನ ಮಾತು ಬಂದೊಡನೆ ನಗುವುದು ವಿವೇಕವಲ್ಲ, ನಂಬುವುದೂ ವಿವೇಕವಲ್ಲ. ಸಂಪರ್ಕವಿತ್ತೇ, ಒಪ್ಪಂದವಾಯಿತೇ, ಅದರಂತೆ ನಡೆದುಕೊಂಡರೇ, ಫಲಿತಾಂಶ ಅದರಿಂದಲೇ ಬಂತೇ ಎಂಬ ನಾಲ್ಕು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ, ಒಂದರ ಉತ್ತರವನ್ನು ಇನ್ನೊಂದಕ್ಕೆ ಸಾಲ ಕೊಡದಿರುವುದು ಸಂಶೋಧಕನ ಕೆಲಸ. ಬಳಿಕ ಅದೇ ನಾಲ್ಕು ಪ್ರಶ್ನೆಗಳನ್ನು ತನಗೆ ಪ್ರಿಯನಾದ ನಾಯಕನ ವಿಷಯದಲ್ಲಿಯೂ ಕೇಳಬೇಕು. ಕಠಿಣವಾದ ಭಾಗ ಅದೇ.

ಈ ಕಾಲದ ಬಗ್ಗೆ ಸಂಶೋಧನ ಪ್ರಬಂಧ ಬರೆಯುವ ವಿದ್ಯಾರ್ಥಿ ಮೀರ್ ಸಾದಿಕನ ಕುರಿತು ಹೀಗೊಂದು ವಾಕ್ಯವೃಂದ ಬರೆದರೆ ನ್ಯಾಯವಾದೀತು: 'ಟಿಪ್ಪುವಿನ ಅಧಿಕಾರಿಗಳನ್ನು ಸೆಳೆಯಲು ಇಂಗ್ಲಿಷರು ಯತ್ನಿಸಿದ್ದಕ್ಕೆ ಲಿಖಿತ ಆಧಾರವಿದೆ. ಮೀರ್ ಸಾದಿಕನು ಶಾಮೀಲಾಗಿದ್ದನೆಂದು ಕಿರ್ಮಾನಿ ಹೇಳುತ್ತಾನೆ. ಪತನದ ದಿನವೇ ಅವನು ಸ್ವಪಕ್ಷೀಯರಿಂದ ಹತನಾದದ್ದು ಶಂಕೆಯ ಪ್ರಾಚೀನತೆಯನ್ನು ಸೂಚಿಸುತ್ತದೆ. ಜನರ ದ್ವೇಷಕ್ಕೆ ಬುಕಾನನ್ ಬೇರೆ ಕಾರಣ ಕೊಡುತ್ತಾನೆ. ಒಪ್ಪಂದವನ್ನು ಸಾಧಿಸುವ ಆಧಾರ ಸಾಲದಿರುವುದರಿಂದ ದ್ರೋಹವನ್ನು ಸಂಭವನೀಯವೆಂದು ಹೇಳಬಹುದೇ ಹೊರತು ಸಿದ್ಧವೆಂದು ಹೇಳಲಾಗದು.' ಲಾವಣಿಗೆ ಇದರಿಂದ ವಸ್ತು ಸಿಗಲಾರದು. ಆದರೆ ನಾಳೆ ಹೊಸ ಪತ್ರವೊಂದು ದೊರೆತರೆ, ಅದು ಯಾವ ಕಡೆಗೆ ವಾಲಿದರೂ, ಈ ವಾಕ್ಯಗಳಲ್ಲಿ ಒಂದನ್ನು ಮಾತ್ರ ತಿದ್ದಿಕೊಂಡರೆ ಸಾಕು.